ಮಣ್ಣಿನ ಬ್ಲಾಕಿನಿಂದ ಮರುಬಳಕೆಯ ಜಲ್ಲಿಯವರೆಗೆ

ಹಳೇ ತೊಟ್ಟಿ ಮನೆಯೊಂದನ್ನು ಬಿಚ್ಚಿದರೆ ಕಂಬ, ತೊಲೆ, ಬಾಗಿಲು, ಹೆಂಚು ಎಲ್ಲಕ್ಕೂ ಇಂದಿಗೂ ಗಿರಾಕಿಗಳಿದ್ದಾರೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯಿಂದ ಇಟ್ಟಿಗೆ ಇಡಿಯಾಗಿಯೇ ಬಿಟ್ಟುಕೊಳ್ಳುತ್ತದೆ, ಮಣ್ಣಿನ ಗೋಡೆ ಹಿತ್ತಲ ಮಣ್ಣಿಗೇ ಸೇರುತ್ತದೆ. ಗಟ್ಟಿ ಸಿಮೆಂಟ್ ಗಾರೆಯ ಗೋಡೆಗೆ ಹಾರೆ ಹಾಕಿದರೆ ಮೊದಲು ಒಡೆಯುವುದು ಇಟ್ಟಿಗೆ. ಕಟ್ಟಡಗಳ ‘ವರ್ತುಲ ಆರ್ಥಿಕತೆ’ಯ, ಅಂದರೆ ಬಳಸಿದ್ದನ್ನೇ ಮತ್ತೆ ಬಳಸುವ ಪದ್ಧತಿಯ, ಮಾತು ಈಗ ಹೆಚ್ಚಾಗಿ ಕೆಡವಿದ ಮೇಲಿನ ಯಂತ್ರಗಳ ಸುತ್ತಲೇ ತಿರುಗುತ್ತಿದೆ. ಆ ಲೆಕ್ಕಾಚಾರ ಗಾರೆ ಕಲಸುವಾಗಲೇ ಶುರುವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕ್ಷೇತ್ರದ ಒಂದು ಮುಖ್ಯ ಅಧ್ಯಾಯ ಕರ್ನಾಟಕದಲ್ಲೇ ಬರೆಯಲ್ಪಟ್ಟಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳುತನದಲ್ಲಿ ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒಯ್ಯುವ ‘ಅಸ್ತ್ರ’ ಕಾರ್ಯಕ್ರಮ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗದ ನೆಲ. ಅಸ್ತ್ರ ಒಲೆ ಹಳ್ಳಿಗಳ ಹಿರಿಯರಿಗೆ ಗೊತ್ತು. ಅದೇ ಬಳಗದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಬೆಳೆಸಿದ ಒತ್ತಿದ ಮಣ್ಣಿನ ಬ್ಲಾಕ್ ಅಷ್ಟು ಹೆಸರು ಪಡೆಯಲಿಲ್ಲ. ಅದನ್ನು ಮಾಡುವ ಬಗೆ ಸರಳ: ಜರಡಿ ಹಿಡಿದ ಮಣ್ಣಿಗೆ ಮರಳು, ಶೇ 7ರ ಆಸುಪಾಸಿನಷ್ಟು ಸಿಮೆಂಟ್, ಕೊಂಚ ನೀರು ಬೆರೆಸಿ ಕೈಯಂತ್ರದಲ್ಲಿ ಒತ್ತುವುದು, ಪೇರಿಸಿಟ್ಟು ಮೂರು ನಾಲ್ಕು ವಾರ ನೀರುಣಿಸುವುದು. ಗೂಡಿಲ್ಲ, ಸೌದೆಯಿಲ್ಲ. ಆದರೆ ಮಣ್ಣನ್ನು ಅರಿಯದೆ ಇದು ಕೈಗೂಡದು. ಜೇಡಿ ಹೆಚ್ಚಾದರೆ ಬ್ಲಾಕ್ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ, ಮರಳು ಸೇರಿಸುವುದು ಅದಕ್ಕೇ. ದಕ್ಷಿಣ ಕರ್ನಾಟಕದ ಕೆಂಪು ಮಣ್ಣು ಸಿಮೆಂಟಿಗೆ ಚೆನ್ನಾಗಿ ಒಗ್ಗುತ್ತದೆ. ಉತ್ತರದ ಎರೆಮಣ್ಣಿಗೆ ಸುಣ್ಣವೇ ಸರಿ.

ಇದರಿಂದ ಉಳಿಯುವುದೆಷ್ಟು ಎಂಬುದನ್ನು ಇದೇ ವಿಜ್ಞಾನಿಗಳು 2003ರಲ್ಲಿ ಅಂಕಿಗಳಲ್ಲಿ ತೋರಿಸಿದರು. ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಸುಮಾರು ಕಾಲು ಭಾಗ ಮಣ್ಣಿನ ಬ್ಲಾಕಿಗೆ ಸಾಕು. ಅವರು ಲೆಕ್ಕ ಹಾಕಿದ ಕಟ್ಟಡಗಳಲ್ಲಿ ಆರ್‌ಸಿಸಿ ಚೌಕಟ್ಟಿನ ಬಹುಮಹಡಿಗೆ ಚದರ ಮೀಟರಿಗೆ 4.21 ಗಿಗಾಜೂಲ್, ಇಟ್ಟಿಗೆ ಗೋಡೆಯೇ ಭಾರ ಹೊರುವ ಎರಡಂತಸ್ತಿನ ಮನೆಗೆ 2.92, ಮಣ್ಣಿನ ಬ್ಲಾಕಿನ ಮನೆಗೆ 1.61 ಗಿಗಾಜೂಲ್ ತಗಲಿತ್ತು.

ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇನ್ನೊಂದು ದಾರಿ ಹಿಡಿದಿದ್ದರು. ತಾರಸಿಯ ಕೆಳಭಾಗದ ಕಾಂಕ್ರೀಟು ಹೆಚ್ಚು ಭಾರ ಹೊರುವುದಿಲ್ಲ. ಆ ಜಾಗಕ್ಕೆ ಹಳೆಯ ಮಂಗಳೂರು ಹೆಂಚು ತುಂಬಿದರೆ ಸಿಮೆಂಟೂ ಉಳಿಯುತ್ತದೆ, ಹೆಂಚಿಗೂ ಇನ್ನೊಂದು ಆಯುಷ್ಯ ಸಿಗುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಮಾಡಿಗೆ ಅಂಟಿಕೊಳ್ಳದೆ ಕೂರುವ ವಸ್ತು. ಅದಕ್ಕೇ ಅದು ಮನೆಯಿಂದ ಮನೆಗೆ ಸಾಗಿಬಂತು. 1989ರಲ್ಲಿ ಆರೋವಿಲ್‌ನಲ್ಲಿ ಮಣ್ಣಿನ ಕಟ್ಟಡಗಳಿಗೆಂದೇ ಸಂಸ್ಥೆಯೊಂದು ನಿಂತಿತು. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ನೆಲಮಾಳಿಗೆಗೆ ಅಗೆದ ಮಣ್ಣನ್ನೇ ನಿವೇಶನದಲ್ಲಿ ಬ್ಲಾಕಾಗಿಸಿ ಗೋಡೆ ಎಬ್ಬಿಸಿದರು. ಬಂದ ಮಣ್ಣಿಗೆ ಲಾರಿಯ ಬಾಡಿಗೆಯಿಲ್ಲ, ಸುರಿಯಲು ಕೆರೆಯಂಗಳವೂ ಬೇಕಿಲ್ಲ.

ಆದರೂ ಮಣ್ಣಿನ ಬ್ಲಾಕ್ ಜನಸಾಮಾನ್ಯರ ವಸ್ತುವಾಗಲಿಲ್ಲ. ಕಾಂಕ್ರೀಟ್ ಬ್ಲಾಕ್ ಫೋನು ಮಾಡಿದರೆ ಬಾಗಿಲಿಗೆ ಬರುತ್ತದೆ. ಮಣ್ಣನ್ನು ಪ್ರತಿ ನಿವೇಶನದಲ್ಲೂ ಹೊಸದಾಗಿ ಪರೀಕ್ಷಿಸಬೇಕು, ಪಳಗಿದ ಮೇಸ್ತ್ರಿ ಬೇಕು. ಅದರಲ್ಲೊಂದು ಕೊರತೆಯೂ ಇದೆ: ಸಿಮೆಂಟ್ ಬೆರೆತ ಮಣ್ಣು ಮತ್ತೆ ಹೊಲದ ಮಣ್ಣಾಗುವುದಿಲ್ಲ. ಕಟ್ಟುವಾಗ ಉಳಿಸಿದ್ದನ್ನು ಕೆಡಹುವಾಗ ಒಂದಿಷ್ಟು ಕಳೆದುಕೊಳ್ಳುತ್ತೇವೆ.

ಕೆಡವಿದ ಅವಶೇಷಗಳ ಕಡೆಗೆ ಸರ್ಕಾರದ ಗಮನ ಹರಿದದ್ದು ತಡವಾಗಿ. ದೆಹಲಿಯ ಬುರಾರಿಯಲ್ಲಿ 2009ರಲ್ಲಿ ಸಂಸ್ಕರಣಾ ಘಟಕ ಬಂತು. 2016ರಲ್ಲಿ ಇಂಥ ತ್ಯಾಜ್ಯಕ್ಕೇ ಪ್ರತ್ಯೇಕ ನಿಯಮಗಳು ಬಂದವು. ಅದೇ ವರ್ಷ ಪರಿಷ್ಕರಿಸಿದ ಐಎಸ್ 383 ಮಾನಕ, ಹಳೆಯ ಕಾಂಕ್ರೀಟನ್ನು ಪುಡಿಮಾಡಿ ತೆಗೆದ ಜಲ್ಲಿಯನ್ನು ಎಂ25 ದರ್ಜೆಯವರೆಗಿನ ಆರ್‌ಸಿಸಿಯಲ್ಲಿ ಶೇ 20ರವರೆಗೆ ಬಳಸಲು ಒಪ್ಪಿತು. ಮಿತಿ ಅಷ್ಟಕ್ಕೇ ನಿಂತದ್ದಕ್ಕೆ ಕಾರಣವಿದೆ. ಆ ಜಲ್ಲಿಗೆ ಹಳೆಯ ಗಾರೆ ಮೆತ್ತಿಕೊಂಡೇ ಇರುತ್ತದೆ. ಅದು ನೀರು ಹೀರುತ್ತದೆ, ಹಿಡಿತವನ್ನು ಸಡಿಲಗೊಳಿಸುತ್ತದೆ. ಬೆಂಗಳೂರಿನ ಚಿಕ್ಕಜಾಲದಲ್ಲೂ ಘಟಕವೊಂದು ಶುರುವಾಯಿತು, ಆದರೆ ರಾಜಕಾಲುವೆಯ ದಂಡೆಯಲ್ಲಿ ರಾತ್ರೋರಾತ್ರಿ ಡೆಬ್ರಿಸ್ ಸುರಿಯುವುದು ನಿಂತಿಲ್ಲ.

ಸಿಮೆಂಟಿನ ಒಳಗೂ ಬದಲಾವಣೆ ನಡೆದಿದೆ. ಹಾರುಬೂದಿ, ಉಕ್ಕಿನ ಕಾರ್ಖಾನೆಗಳ ಸ್ಲ್ಯಾಗ್ ಬೆರೆಸುವುದು ಈಗ ಸಾಮಾನ್ಯ. ಎಲ್‌ಸಿ3 ಎಂಬ ಹೊಸ ಬಗೆಯ ಸಿಮೆಂಟಿನಲ್ಲಿ, ಗೂಡಿನಲ್ಲಿ ಸುಟ್ಟು ತೆಗೆಯುವ ಮೂಲವಸ್ತುವಾದ ಕ್ಲಿಂಕರ್ ಅರ್ಧದಷ್ಟೇ. ಉಳಿದದ್ದು ಮುಖ್ಯವಾಗಿ ಕಾಯಿಸಿದ ಜೇಡಿ ಮತ್ತು ಸುಣ್ಣದಕಲ್ಲು. ಕ್ಲಿಂಕರಿಗೆ 1,450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಜೇಡಿಗೆ ಸುಮಾರು 800 ಡಿಗ್ರಿ ಸಾಕು. ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಾಂತ್ರಿಕ ಸಂಸ್ಥೆಯ ಜೊತೆ ದೆಹಲಿ, ಮದ್ರಾಸ್ ಐಐಟಿಗಳೂ ದುಡಿದ ಈ ಸಿಮೆಂಟಿಗೆ 2023ರಲ್ಲಿ ಭಾರತೀಯ ಮಾನಕ ದಕ್ಕಿತು.

2025ರಲ್ಲಿ ಪ್ರಕಟವಾದ ಹೊಸ ತ್ಯಾಜ್ಯ ನಿಯಮಗಳು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ನಿರ್ಮಾಣದಾರರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ಅದು ಸ್ವಾಗತಾರ್ಹ. ಆದರೆ ನಮ್ಮ ಬಡಾವಣೆಗಳಲ್ಲಿ ಉರುಳುತ್ತಿರುವುದು ಮೂವತ್ತು-ನಲವತ್ತರ ಸೈಟಿನ ಮನೆಗಳು. ಅವು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಕೆಡಹುವ ಅನುಮತಿ ಕೊಡುವಾಗಲೇ ಮರ, ಇಟ್ಟಿಗೆ, ಕಾಂಕ್ರೀಟುಗಳನ್ನು ಬೇರ್ಪಡಿಸಲು ಒಂದು ವಾರದ ಗಡುವು ಕಡ್ಡಾಯ ಮಾಡಿ, ಜೆಸಿಬಿಯನ್ನು ಆಮೇಲೆ ಒಳಗೆ ಬಿಡುವ ಕೆಲಸವನ್ನು ಪಾಲಿಕೆಗಳು ಮೊದಲು ಮಾಡಲಿ.