ಸೂಜಿ, ದಾರ ಮತ್ತು ಒಂದು ಪ್ರಶ್ನೆ

ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಮೊದಲೇ ಸಂಶೋಧನೆ ಸಾಧ್ಯವೇ? ಸಾಧ್ಯವೆಂದು ಸ್ಕಾಟ್ಲೆಂಡಿನ ಶಾಲಾ ಬಾಲಕ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1846ರಲ್ಲೇ ತೋರಿಸಿದ್ದ. ಆಗ ಅವನಿಗೆ 14 ವರ್ಷ.

ಎರಡು ಗುಂಡುಸೂಜಿಗಳಿಗೆ ದಾರ ಕಟ್ಟಿ, ಪೆನ್ಸಿಲಿನಿಂದ ಬಿಗಿಹಿಡಿದು ಎಳೆದರೆ ದೀರ್ಘವೃತ್ತ ಮೂಡುತ್ತದೆ. ಒಂದು ಸೂಜಿಯ ಕಡೆ ದಾರವನ್ನು ಎರಡೆಳೆಯಾಗಿಸಿದರೆ? ಮೊಟ್ಟೆಯಾಕಾರದ ರೇಖೆ ಮೂಡಿತು. ಇಂಥ ರೇಖೆಗಳನ್ನು ಫ್ರಾನ್ಸಿನ ಡೆಕಾರ್ಟ್ 17ನೇ ಶತಮಾನದಲ್ಲೇ ವಿವರಿಸಿದ್ದರೂ ಬಾಲಕನ ವಿಧಾನ ಹೆಚ್ಚು ಸರಳವಾಗಿತ್ತು.

ಎಡಿನ್‌ಬರೋ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಲು ಅವನಿಗೆ ವಯಸ್ಸು ಸಾಲದು. ಪ್ರೊಫೆಸರ್ ಜೇಮ್ಸ್ ಫೋರ್ಬ್ಸ್ ಅವನ ಪರವಾಗಿ ಓದಿದರು. ಮ್ಯಾಕ್ಸ್‌ವೆಲ್ ವಿಶ್ವವಿದ್ಯಾಲಯ ಸೇರಿದ್ದು ಮರುವರ್ಷ, 1847ರಲ್ಲಿ. ಬೆಳಕು ವಿದ್ಯುತ್ಕಾಂತ ಅಲೆ ಎಂದು ಮುಂದೆ ಸಾರಿದವನೂ ಅವನೇ.

ಪ್ರವೇಶದ ಅರ್ಜಿಗೆ ತೂಕ ಬರಲೆಂದು ಸಂಶೋಧನೆಗೆ ಕೈಹಾಕುವ ಇಂದಿನ ವಿದ್ಯಾರ್ಥಿಗಳು ಗಮನಿಸಬೇಕಾದ್ದು ಇಷ್ಟೇ: ಸಲಕರಣೆ ಮನೆಯದೇ ಸಾಕು, ಪ್ರಶ್ನೆ ಮಾತ್ರ ಸ್ವಂತದ್ದಾಗಿರಬೇಕು.