ಮಂಗಳವಾರದ ಊಟ, ಸಾವಿರ ಡಾಲರಿನ ಚೆಕ್ಕು

ನಮ್ಮ ಕಡೆ ರೋಟರಿ ಅಂದ್ರೆ ಥಟ್ಟನೆ ನೆನಪಾಗೋದು ಏನು? ಬಸ್ ಸ್ಟಾಂಡಿನ ಸಿಮೆಂಟು ಬೆಂಚಿನ ಮೇಲೆ ಬರೆದ "ರೋಟರಿ ಕ್ಲಬ್ ಕೊಡುಗೆ", ಊರ ಬಾಗಿಲಲ್ಲಿ ಹಲ್ಲುಚಕ್ರದ ಬೋರ್ಡು, ಪೋಲಿಯೋ ಭಾನುವಾರದ ಬ್ಯಾನರು. ಅದು ಬಿಟ್ಟರೆ ಊರಿನ ಡಾಕ್ಟರು, ವಕೀಲರು, ಸಾಹುಕಾರರು ಸೇರಿ ಊಟ ಮಾಡಿ ಭಾಷಣ ಕೇಳೋ ಜಾಗ ಅನ್ನೋದು ಸಾಮಾನ್ಯ ಅಭಿಪ್ರಾಯ. ನಾನು ಕೆಲಸದ ಮೇಲೆ ಬಂದು ನೆಲೆಸಿರೋದು ಶಿಕಾಗೋ ಪಕ್ಕದ ಒಂದು ಊರಲ್ಲಿ. ಆ ಚಕ್ರ ಮೊದಲು ಉರುಳಿದ್ದು ಇಲ್ಲೇ ಆದ್ದರಿಂದ ಅದರ ಚರಿತ್ರೆ ಕೆದಕೋ ಕುತೂಹಲ ಹುಟ್ಟಿತು. ಕೆದಕಿದಾಗ ಕಂಡದ್ದು ಇದು: ಆ ಊಟವನ್ನ ಪಕ್ಕಕ್ಕಿಟ್ಟರೆ ಉಳಿದದ್ದು ಯಾವುದೂ ಹುಟ್ಟುತ್ತಲೇ ಇರಲಿಲ್ಲ.

1905ರ ಫೆಬ್ರವರಿ 23ರ ಸಂಜೆ, ಶಿಕಾಗೋದ ಡಿಯರ್‌ಬಾರ್ನ್ ರಸ್ತೆಯ ಯೂನಿಟಿ ಬಿಲ್ಡಿಂಗಿನ 711ನೇ ನಂಬರಿನ ಕೋಣೆ. ಅಲ್ಲಿ ಸೇರಿದ್ದು ನಾಲ್ಕೇ ಜನ. ವಕೀಲ ಪಾಲ್ ಹ್ಯಾರಿಸ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ದರ್ಜಿ ಅಂಗಡಿಯ ಹೈರಮ್ ಶೋರಿ. ಹ್ಯಾರಿಸ್ ಬೆಳೆದದ್ದು ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಅನ್ನೋ ಪುಟ್ಟ ಊರಲ್ಲಿ, ಅಜ್ಜ ಅಜ್ಜಿಯ ಮನೆಯಲ್ಲಿ. 1896ರಲ್ಲಿ ಶಿಕಾಗೋಗೆ ಬಂದು ವಕೀಲಿ ಶುರು ಮಾಡಿದವನಿಗೆ ಕೆಲಸವೇನೋ ಸಿಕ್ತು, ಆದರೆ ಅಷ್ಟು ದೊಡ್ಡ ಪಟ್ಟಣದಲ್ಲಿ ನಮ್ಮವರು ಅನ್ನೋರು ಯಾರೂ ಇರಲಿಲ್ಲ. ಹಳ್ಳಿಯ ಸ್ನೇಹ ಪಟ್ಟಣದಲ್ಲೂ ಸಿಗಬೇಕು ಅನ್ನೋದೇ ಅವನ ಆಸೆ. ಈ ಒಂಟಿತನ ಏನು ಅಂತ ಪರದೇಶದಲ್ಲಿರೋ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಒಂದು ಸಲ ಒಬ್ಬರ ಆಫೀಸಿನಲ್ಲಿ, ಮುಂದಿನ ಸಲ ಇನ್ನೊಬ್ಬರ ಆಫೀಸಿನಲ್ಲಿ ಸರದಿ ಪ್ರಕಾರ ಸೇರುತ್ತಿದ್ದರಿಂದ "ರೋಟರಿ" ಅಂತ ಹೆಸರು ಬಂತು. ಒಂದೊಂದು ಕಸುಬಿಗೆ ಒಬ್ಬನೇ ಸದಸ್ಯ, ಒಬ್ಬರಿಗೊಬ್ಬರು ವ್ಯಾಪಾರ ಕೊಡಿಸಬೇಕು ಅನ್ನೋದು ಮೊದಲ ಲೆಕ್ಕಾಚಾರ. ಅಂದರೆ ಶುರುವಾದಾಗ ಅದು ಸೇವಾ ಸಂಸ್ಥೆಯೇ ಅಲ್ಲ! ಬರೀ ನಮ್ಮನಮ್ಮ ಲಾಭಕ್ಕೆ ಸೇರೋ ಕೂಟ ಬಹಳ ದಿನ ಬಾಳೋದಿಲ್ಲ ಅನ್ನೋ ಮಾತು ಒಳಗಿನಿಂದಲೇ ಎದ್ದಿತು. ಊರಿಗೆ ಉಪಯೋಗವಾಗೋ ಕೆಲಸ ಅಂತ ಕ್ಲಬ್ಬು ಮೊದಲು ಕೈಗೆತ್ತಿಕೊಂಡದ್ದು ಸಾರ್ವಜನಿಕ ಶೌಚಾಲಯ ಕಟ್ಟಿಸೋ ಪ್ರಯತ್ನವನ್ನ.

1910ರ ಹೊತ್ತಿಗೆ 16 ಕ್ಲಬ್ಬುಗಳಾದವು. 1920ರಲ್ಲಿ ಕಲ್ಕತ್ತಕ್ಕೂ 1934ರಲ್ಲಿ ಬೆಂಗಳೂರಿಗೂ ರೋಟರಿ ಬಂತು. ಆಗ ಎಲ್ಲ ಕಡೆಯೂ ನಿಯಮ ಒಂದೇ ಆಗಿತ್ತು: ವಾರಕ್ಕೊಂದು ಸಭೆ. ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಕುತ್ತು. ಬೇರೆ ಊರಿಗೆ ಹೋದಾಗ ಅಲ್ಲಿನ ಕ್ಲಬ್ಬಿಗೆ ಹೋಗಿ ಹಾಜರಿ ಹಾಕಿಸಿಕೊಳ್ಳಬೇಕಿತ್ತು. ನಮ್ಮ ಎಂಜಿನಿಯರಿಂಗ್ ಕಾಲೇಜಿನ 75 ಪರ್ಸೆಂಟ್ ಅಟೆಂಡೆನ್ಸ್ ಕಾಟಕ್ಕೇನೂ ಕಮ್ಮಿ ಇರಲಿಲ್ಲ ನೋಡಿ.

ಇನ್ನು ವಿದ್ಯಾರ್ಥಿವೇತನದ ಕತೆ. 1917ರಲ್ಲಿ ಆಗಿನ ಅಧ್ಯಕ್ಷ ಆರ್ಚ್ ಕ್ಲಂಫ್, ಜಗತ್ತಿಗೆ ಒಳ್ಳೇದು ಮಾಡೋಕೆ ಒಂದು ಶಾಶ್ವತ ನಿಧಿ ಇರಲಿ ಅಂದರು. ಮರುವರ್ಷ ಕಾನ್ಸಾಸ್ ಸಿಟಿ ಕ್ಲಬ್ಬಿನಿಂದ ಮೊದಲ ದೇಣಿಗೆ ಬಂತು. ಎಷ್ಟು ಗೊತ್ತೇ? 26 ಡಾಲರ್ 50 ಸೆಂಟ್! ಮೂವತ್ತು ವರ್ಷ ಆ ನಿಧಿ ಕುಂಟುತ್ತಲೇ ಇತ್ತು. 1947ರ ಜನವರಿಯಲ್ಲಿ ಪಾಲ್ ಹ್ಯಾರಿಸ್ ತೀರಿಕೊಂಡಾಗ ಅವರ ನೆನಪಿಗೆ ಎಲ್ಲೆಡೆಯಿಂದ ಹಣ ಹರಿದು ಬಂತು. ಅದೇ ವರ್ಷ 18 ವಿದ್ಯಾರ್ಥಿಗಳನ್ನು ಬೇರೆ ದೇಶಗಳಿಗೆ ಓದಲು ಕಳಿಸಿದರು. ಓದಿನ ಜೊತೆಗೆ ಅಲ್ಲಿನ ಕ್ಲಬ್ಬುಗಳ ಸಭೆಗೆ ಹೋಗಿ ತಮ್ಮ ದೇಶದ ಬಗ್ಗೆ ಮಾತಾಡೋದೂ ಆ ವಿದ್ಯಾರ್ಥಿಗಳ ಕರ್ತವ್ಯವಾಯ್ತು. ವಾರದ ಊಟದ ಮೇಜಿಗೂ ವಿದ್ಯಾರ್ಥಿವೇತನಕ್ಕೂ ಹೀಗೆ ಗಂಟು ಬಿತ್ತು. 2013ರ ತನಕ ನಡೆದ ಆ ಯೋಜನೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಓದಿದರು. ಶಿಕಾಗೋದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 1965ರಲ್ಲಿ ಕೇಪ್‌ಟೌನಿಗೆ ಹೋಗಿ ಓದಿದ್ದು ಇದೇ ಹಣದಲ್ಲಿ.

1951ರಲ್ಲಿ ಜಪಾನಿನಿಂದ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಬಂದ ಸಡಾಕೊ ಒಗಾಟಾ ಅನ್ನೋ ಯುವತಿಯೂ ರೋಟರಿ ವಿದ್ಯಾರ್ಥಿನಿ. ಮುಂದೆ 1991ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಆದ ಮೊದಲ ಮಹಿಳೆ ಇವರೇ. ಒಂದು ವಿಚಿತ್ರ ಗಮನಿಸಿ: ರೋಟರಿಯ ಹಣದಲ್ಲಿ ಓದಬಹುದಾಗಿದ್ದ ಈ ಹೆಣ್ಣುಮಗಳು ರೋಟರಿಯ ಸದಸ್ಯೆಯಾಗುವ ಹಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ಅನ್ನೋ ಊರಿನ ಕ್ಲಬ್ಬು 1977ರಲ್ಲಿ ಮಹಿಳೆಯರನ್ನ ಸೇರಿಸಿಕೊಂಡಾಗ, ಮರುವರ್ಷ ಆ ಕ್ಲಬ್ಬನ್ನೇ ಹೊರಹಾಕಿದರು. ಜಗಳ ಅಮೆರಿಕಾದ ಸುಪ್ರೀಂ ಕೋರ್ಟಿನ ತನಕ ಹೋಗಿ 1987ರಲ್ಲಿ ಡುವಾರ್ಟೆಯೇ ಗೆದ್ದಿತು. 1989ರಲ್ಲಿ ಜಗತ್ತಿನಾದ್ಯಂತ ನಿಯಮ ಬದಲಾಯ್ತು. ದಾನಕ್ಕೆ ಕೈ ಚಾಚೋದು ಸುಲಭ, ಪಕ್ಕದ ಕುರ್ಚಿ ಬಿಟ್ಟುಕೊಡೋದೇ ಕಷ್ಟ.

ದೊಡ್ಡ ನಿಧಿಯ ವಿಷಯ ಅದಾಯ್ತು. ಇದರ ಜೊತೆಗೆ ಇಲ್ಲಿನ ಊರೂರಿನ ಕ್ಲಬ್ಬುಗಳು ತಮ್ಮ ಊರಿನ ಹೈಸ್ಕೂಲು ಮಕ್ಕಳಿಗೂ ಪ್ರತಿ ವರ್ಷ ಸ್ಕಾಲರ್‌ಶಿಪ್ ಕೊಡುತ್ತವೆ. ಕಳೆದ ಮೇ ತಿಂಗಳಲ್ಲಿ ಸಹೋದ್ಯೋಗಿಯೊಬ್ಬರು ಅಂಥ ಒಂದು ಸಭೆಗೆ ನನ್ನನ್ನ ಕರೆದುಕೊಂಡು ಹೋಗಿದ್ದರು. ಮಂಗಳವಾರ ಮಧ್ಯಾಹ್ನ, ಮೂವತ್ತು ಜನ, ಮುಕ್ಕಾಲು ಪಾಲು ನಿವೃತ್ತರು. ಗಂಟೆ ಬಾರಿಸಿ ಸಭೆ ಶುರು. ಆಮೇಲೆ "ಹ್ಯಾಪಿ ಡಾಲರ್". ಮನೆಯ ಸಂತೋಷದ ಸುದ್ದಿ ಇದ್ದವರು ಎದ್ದು ನಿಂತು ಹೇಳಿ, ಡಬ್ಬಿಗೆ ಡಾಲರ್ ಹಾಕಬೇಕು. ಒಬ್ಬರಿಗೆ ಮೊಮ್ಮಗು ಹುಟ್ಟಿತ್ತು, ಇನ್ನೊಬ್ಬರ ಮಂಡಿ ಆಪರೇಷನ್ ಸುಸೂತ್ರವಾಗಿ ಆಗಿತ್ತು. ಆ ಡಬ್ಬಿಯ ದುಡ್ಡೇ ವರ್ಷದ ಕೊನೆಗೆ ಸ್ಕಾಲರ್‌ಶಿಪ್ಪಿಗೆ ಸೇರುತ್ತೆ.

ಐದು ಮಕ್ಕಳಿಗೆ ತಲಾ ಸಾವಿರ ಡಾಲರಿನ ಚೆಕ್ಕು. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲೇ ರಾಜ್ಯದ ಮಕ್ಕಳಿಗೆ ಒಂದು ವರ್ಷದ ಟ್ಯೂಷನ್ ಫೀಸು ಹನ್ನೆರಡು ಸಾವಿರ ದಾಟುತ್ತೆ, ಹಾಗಾಗಿ ಸಾವಿರ ಯಾವ ಮೂಲೆಗೆ? ಆದರೆ ನರ್ಸಿಂಗ್ ಓದಲು ಹೊರಟಿದ್ದ ಹುಡುಗಿಯೊಬ್ಬಳು ಚೆಕ್ಕು ತಗೊಂಡು ಕೂತ ಮೇಲೆ, ನಿವೃತ್ತ ವೈದ್ಯರೊಬ್ಬರು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಮಾತಾಡಿದರು. ಯಾವ ಕಾಲೇಜು, ಯಾವ ಆಸ್ಪತ್ರೆಯಲ್ಲಿ ತರಬೇತಿ, ರಜೆಯಲ್ಲಿ ಯಾರನ್ನ ಕೇಳಬೇಕು ಎಲ್ಲ. ಅವಳಮ್ಮ ಪೇಪರ್ ನ್ಯಾಪ್‌ಕಿನ್ ಮೇಲೆ ಬರ್ಕೋತಾ ಇದ್ದರು.

ನಂಗೆ ಆಗ ನೆನಪಾದದ್ದು ನಮ್ಮ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ಊಟ ಗೊತ್ತು ಮಾಡಿಕೊಂಡು ಮೈಸೂರಲ್ಲಿ ಓದಿದವರು ನಮ್ಮ ತಾತ. ರೋಟರಿಯಲ್ಲಿ ಸಭೆ ಆಫೀಸಿಂದ ಆಫೀಸಿಗೆ ಸುತ್ತಿತು, ವಾರಾನ್ನದಲ್ಲಿ ಹುಡುಗನೇ ಸುತ್ತಿದ. ಆ ಮನೆಗಳಲ್ಲಿ ಅನ್ನದ ಜೊತೆ "ಪರೀಕ್ಷೆ ಹೇಗಾಯ್ತೋ?" ಅಂತ ಕೇಳೋರಿದ್ದರು ಅಂತ ತಾತ ಹೇಳ್ತಿದ್ದರು. ಆದರೆ ಆ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಇಲ್ಲಿ ಹೆಣ್ಣು ಅಂತ ತಡೆದರೆ ಅಲ್ಲಿ ಜಾತಿ ಕೇಳಿ ಒಳಗೆ ಬಿಡುತ್ತಿದ್ದರು.

ವಾರಾನ್ನ ಹೋಯಿತು, ಹಾಸ್ಟೆಲು ಬಂತು. ಅದು ಒಳ್ಳೆಯದೇ. ಈಗ ವಾರದ ಸಭೆಯ ಸರದಿ. 2016ರಲ್ಲಿ ರೋಟರಿ ತನ್ನ ನಿಯಮ ಸಡಿಲಿಸಿ, ತಿಂಗಳಿಗೆ ಎರಡು ಸಭೆಯಾದರೂ ಸಾಕು ಅಂದಿದೆ. ನಮ್ಮ ವಯಸ್ಸಿನವರಿಗೆ ವಾರದ ನಡುವೆ ಮಧ್ಯಾಹ್ನ ಎರಡು ಗಂಟೆ ಬಿಡುವೆಲ್ಲಿ? ಫೋನಿನಲ್ಲಿ ಎರಡು ನಿಮಿಷಕ್ಕೆ ಸಾವಿರ ಡಾಲರ್ ಕಳಿಸಬಹುದು, ನಾನೂ ಕಳಿಸ್ತೀನಿ. ಆದರೆ ಆ ದುಡ್ಡು ತಗೊಂಡ ಹುಡುಗಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂರೋರು ಯಾರು? ನೇಮ ತಪ್ಪದೆ ಬಂದು ಕೂತ ಮೂವತ್ತು ಜನರಲ್ಲಿ ಒಬ್ಬರು ಸಿಗ್ತಾರೆ, ಅಷ್ಟೇ.

ನೀವಿರೋ ಊರಲ್ಲೂ ಇಂಥ ಕ್ಲಬ್ಬು ಇದ್ದರೆ ಮೇ ತಿಂಗಳಲ್ಲಿ ಒಂದು ಸಲ ಹೋಗಿ ನೋಡಿ. ಅತಿಥಿಗಳು ಬಂದರೆ ಅವರಿಗೆ ಖುಷಿಯೇ. ಊಟದ ಮೇಲೆ ಮಾತ್ರ ಹೆಚ್ಚು ಆಸೆ ಇಟ್ಕೋಬೇಡಿ, ಸಸ್ಯಾಹಾರಿಗಳಿಗೆ ಸಲಾಡೇ ಗತಿ!