ಮೊದಲ ಸುತ್ತಲ್ಲಿ ಬಂದ ಓಟು ಎರಡನೇ ಸುತ್ತಲ್ಲಿ ಎಲ್ಲಿ ಹೋಯ್ತು? ಜಾರ್ಜಿಯಾ ಕಲಿಸೋ ಪಾಠ

ಇವತ್ತಿನ ಕಂತನ್ನ ಒಂದು ಲೆಕ್ಕದಿಂದ ಶುರು ಮಾಡೋಣ.

ಒಬ್ಬ ಅಭ್ಯರ್ಥಿ ತನ್ನ ಎದುರಾಳಿಗಿಂತ ಸುಮಾರು 88 ಸಾವಿರ ಓಟು ಜಾಸ್ತಿ ತಗೊಳ್ತಾರೆ. ನಮ್ಮೂರಲ್ಲಾಗಿದ್ರೆ ಅವತ್ತೇ ಪಟಾಕಿ, ಹಾರ, ಮೆರವಣಿಗೆ. ಆದರೆ ಒಂಬತ್ತು ವಾರ ಕಳೆದ ಮೇಲೆ ಅದೇ ಅಭ್ಯರ್ಥಿ, ಅದೇ ಎದುರಾಳಿ ಎದುರು, ಸುಮಾರು 55 ಸಾವಿರ ಓಟಿನಿಂದ ಸೋಲ್ತಾರೆ. ಇದು ನಡೆದಿದ್ದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಸೋತವರು ರಿಪಬ್ಲಿಕನ್ ಸೆನೆಟರ್ ಡೇವಿಡ್ ಪರ್ಡ್ಯೂ. ಗೆದ್ದವರು ಡೆಮಾಕ್ರಟಿಕ್ ಪಕ್ಷದ ಜಾನ್ ಆಸಾಫ್, ಆಗ ಅವರಿಗೆ 33 ವರ್ಷ.

ಇದು ಹೇಗೆ ಸಾಧ್ಯ ಅಂತ ಕೇಳಿದ್ರೆ, ಉತ್ತರ ಒಂದೇ ಪದ: ರನ್‌ಆಫ್. ಅಂದ್ರೆ ಎರಡನೇ ಸುತ್ತಿನ ಚುನಾವಣೆ.

ನಮ್ಮಲ್ಲಿ ಈ ಪದ್ಧತಿ ಇಲ್ಲ. ವಿಧಾನಸಭೆಗೋ ಲೋಕಸಭೆಗೋ ನಿಂತವರಲ್ಲಿ ಯಾರಿಗೆ ಹೆಚ್ಚು ಓಟೋ ಅವರೇ ಗೆದ್ದಂಗೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದಿದ್ದು ಬರೀ ಒಂದೇ ಒಂದು ಓಟಿನಿಂದ. ಜಾರ್ಜಿಯಾದಲ್ಲಿ ಹಾಗಲ್ಲ. ಅಲ್ಲಿ ಗೆಲ್ಲಬೇಕಾದ್ರೆ ಚಲಾವಣೆಯಾದ ಓಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಬರಲಿಲ್ಲ ಅಂದ್ರೆ ಮೊದಲ ಇಬ್ಬರ ನಡುವೆ ಇನ್ನೊಂದು ಚುನಾವಣೆ. 2020ರ ನವೆಂಬರ್ 3ರಂದು ಪರ್ಡ್ಯೂಗೆ ಸಿಕ್ಕಿದ್ದು ಶೇ. 49.7. ಮೂರನೇ ಪಕ್ಷವಾದ ಲಿಬರ್ಟೇರಿಯನ್ ಅಭ್ಯರ್ಥಿ ಶೇ. 2.3 ಎಳೆದುಕೊಂಡಿದ್ದರು. ಕೂದಲೆಳೆಯಲ್ಲಿ ಗೆರೆ ತಪ್ಪಿತು.

ಈ ಗೆರೆ ಎಲ್ಲಿಂದ ಬಂತು? ಅಲ್ಲಿಂದಲೇ ನಮ್ಮ ನಿಜವಾದ ಕತೆ ಶುರು.

1960ರ ದಶಕದ ಆರಂಭದವರೆಗೂ ಜಾರ್ಜಿಯಾದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಪಕ್ಷದ ಒಳಗಿನ ಪ್ರಾಥಮಿಕ ಚುನಾವಣೆಯಲ್ಲಿ ಜನರ ಓಟಿನ ಬದಲು ಕೌಂಟಿಗಳ ಲೆಕ್ಕ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ತಾಲ್ಲೂಕು, ಜಿಲ್ಲೆ ಥರ. ಒಟ್ಟು 159 ಕೌಂಟಿ. ದೊಡ್ಡ 8 ಕೌಂಟಿಗೆ ತಲಾ 6 ಯೂನಿಟ್, ಆಮೇಲಿನ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಅಂದ್ರೆ ಲಕ್ಷಗಟ್ಟಲೆ ಜನ ಇರೋ ಅಟ್ಲಾಂಟಾ ನಗರದ ಫುಲ್ಟನ್ ಕೌಂಟಿಯೂ ಒಂದೇ, ಮೂರು ಪುಟ್ಟ ಹಳ್ಳಿಗಾಡಿನ ಕೌಂಟಿ ಸೇರಿದ್ರೂ ಒಂದೇ. ನಗರದ ಓಟು, ಅದರಲ್ಲೂ ಕಪ್ಪು ಜನಾಂಗದವರ ಓಟು, ತೂಕ ಕಳೆದುಕೊಳ್ಳೋ ವ್ಯವಸ್ಥೆ ಇದು. 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನ ರದ್ದು ಮಾಡಿತು.

ಆಗ ಮುಂದೆ ಬಂದಿದ್ದೇ ರನ್‌ಆಫ್. ಅದನ್ನ ಶಾಸನಸಭೆಯಲ್ಲಿ ಮುಂದಿಟ್ಟವರು ಡೆನ್ಮಾರ್ಕ್ ಗ್ರೂವರ್ ಅನ್ನೋ ಶಾಸಕ. ಈ ಮನುಷ್ಯ 1958ರಲ್ಲಿ ಸೋತಿದ್ದರು. ಬಿಳಿಯರ ಓಟಿನಲ್ಲಿ ಮುಂದಿದ್ದ ತಮ್ಮನ್ನ ಕಪ್ಪು ಮತದಾರರು ಒಟ್ಟಾಗಿ ಸೋಲಿಸಿದರು ಅನ್ನೋದು ಅವರ ಸಿಟ್ಟು. ಅವರ ಯೋಚನೆ ಸರಳ. ಬಿಳಿಯರ ಓಟು ನಾಲ್ಕೈದು ಜನರಲ್ಲಿ ಹಂಚಿ ಹೋದ್ರೂ ಪರವಾಗಿಲ್ಲ, ಎರಡನೇ ಸುತ್ತಿನಲ್ಲಿ ಎಲ್ಲ ಒಂದಾಗ್ತಾರೆ. 1964ರಲ್ಲಿ ಇದು ಕಾನೂನಾಯಿತು. ಜನಾಂಗೀಯ ಪೂರ್ವಗ್ರಹ ತಮಗಿತ್ತು ಅಂತ ಗ್ರೂವರ್ ಅವರೇ ಮುಂದೊಂದು ದಿನ ಒಪ್ಪಿಕೊಂಡರು.

ಇಲ್ಲಿ ಒಂದು ವಿಷಯ ಗಮನಿಸಿ. ಸೋತವರು ತಮ್ಮ ಸೋಲಿನಿಂದ ಕಲಿತ ಪಾಠ ಏನು? ‘ಮುಂದಿನ ಸಲ ಆ ಮತದಾರರ ಮನಸ್ಸು ಗೆಲ್ಲೋಣ’ ಅಂತ ಅಲ್ಲ, ‘ನಿಯಮ ಬದಲಾಯಿಸೋಣ’ ಅಂತ. ಜಾರ್ಜಿಯಾದಲ್ಲಿ ಈ ಚಾಳಿ ಆಮೇಲೂ ಬಿಡಲಿಲ್ಲ. ಪಕ್ಷ ಬದಲಾಯಿತು, ಚಾಳಿ ಹಾಗೇ ಉಳೀತು.

1992ಕ್ಕೆ ಬನ್ನಿ. ಈ ಸಲ ಸೋತವರು ಡೆಮಾಕ್ರಟರು. ಅವರ ಸೆನೆಟರ್ ವೈಚ್ ಫೌಲರ್ ನವೆಂಬರ್‌ನಲ್ಲಿ ಶೇ. 49ರಷ್ಟು ಓಟು ಪಡೆದು, ರಿಪಬ್ಲಿಕನ್ ಪಾಲ್ ಕವರ್ಡೆಲ್‌ಗಿಂತ ಸುಮಾರು 35 ಸಾವಿರ ಓಟು ಮುಂದಿದ್ದರು. ಅದೇ ದಿನ ಬಿಲ್ ಕ್ಲಿಂಟನ್ ಜಾರ್ಜಿಯಾ ಗೆದ್ದು ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. ಗಾಳಿ ಡೆಮಾಕ್ರಟರ ಕಡೆಗೇ ಇತ್ತು. ಮೂರು ವಾರದ ನಂತರ ನಡೆದ ರನ್‌ಆಫ್‌ಗೆ ಸ್ವತಃ ಕ್ಲಿಂಟನ್ ಬಂದು ಪ್ರಚಾರ ಮಾಡಿದರು. ಆದ್ರೂ ಫೌಲರ್ ಸುಮಾರು 16 ಸಾವಿರ ಓಟಿನಿಂದ ಸೋತರು.

ಯಾಕೆ? ಜನ ಮನಸ್ಸು ಬದಲಾಯಿಸಿದ್ರಾ? ಮುಖ್ಯ ಕಾರಣ ಅದಲ್ಲ. ಮೊದಲ ಸುತ್ತಿನಲ್ಲಿ ಸುಮಾರು 22 ಲಕ್ಷ ಓಟು ಬಿದ್ದಿತ್ತು. ಎರಡನೇ ಸುತ್ತಿನಲ್ಲಿ ಸುಮಾರು 12.5 ಲಕ್ಷ. ಹತ್ತಿರ ಹತ್ತಿರ 10 ಲಕ್ಷ ಜನ ಮನೇಲೇ ಉಳಿದರು. ಅಧ್ಯಕ್ಷರ ಚುನಾವಣೆಗೆ ಅಂತ ಬಂದವರು, ಅದು ಮುಗೀತಲ್ಲ ಅಂತ ಮತ್ತೆ ಬರಲಿಲ್ಲ.

ಡೆಮಾಕ್ರಟರು ಈ ಸೋಲಿನಿಂದ ಏನು ಕಲಿತರು? ಆಗ ರಾಜ್ಯದ ಶಾಸನಸಭೆ ಅವರ ಕೈಯಲ್ಲೇ ಇತ್ತು. 1994ರಲ್ಲಿ ಕಾನೂನು ತಿದ್ದಿದರು. ಇನ್ಮೇಲೆ ಶೇ. 50 ಬೇಡ, ಶೇ. 45 ಬಂದ್ರೆ ಸಾಕು. ತಕ್ಷಣಕ್ಕೆ ಇದು ಕೆಲಸವನ್ನೂ ಮಾಡಿತು. 1996ರಲ್ಲಿ ಅವರ ಮ್ಯಾಕ್ಸ್ ಕ್ಲೆಲಂಡ್ ಶೇ. 48.9 ತಗೊಂಡು, ರನ್‌ಆಫ್ ಇಲ್ಲದೇ ಸೆನೆಟ್‌ಗೆ ಹೋದರು. ಆದರೆ ಓಟು ಹಾಕಿ ಆಮೇಲೆ ಮನೇಲಿ ಉಳಿಯುವ ಆ ಮತದಾರರ ವಿಷಯ? ಅದು ಹಾಗೇ ಬಾಕಿ ಉಳೀತು.

2004ರ ಚುನಾವಣೆ ಮುಗಿದಾಗ ಶಾಸನಸಭೆಯ ಎರಡೂ ಮನೆ ರಿಪಬ್ಲಿಕನ್ನರ ಕೈಗೆ ಬಂತು. 2005ರಲ್ಲಿ ಅವರು ಶೇ. 50ರ ಗೆರೆಯನ್ನ ವಾಪಸ್ ತಂದರು. ಅವರ ಲೆಕ್ಕಾಚಾರಕ್ಕೆ ಕಾರಣ ಇತ್ತು. ರನ್‌ಆಫ್‌ಗೆ ತಪ್ಪದೇ ಬರೋದು ವಯಸ್ಸಾದವರು, ಸ್ವಂತ ಮನೆ ಇರೋರು, ಪ್ರತಿ ಸಲ ಓಟು ಹಾಕೋ ಅಭ್ಯಾಸ ಇರೋರು. ಆ ಕಾಲಕ್ಕೆ ಅವರಲ್ಲಿ ಹೆಚ್ಚಿನವರು ರಿಪಬ್ಲಿಕನ್ನರ ಕಡೆ.

2008ರಲ್ಲಿ ಈ ಲೆಕ್ಕ ಪಕ್ಕಾ ಆಯ್ತು. ರಿಪಬ್ಲಿಕನ್ ಸೆನೆಟರ್ ಸ್ಯಾಕ್ಸ್‌ಬಿ ಚಾಂಬ್ಲಿಸ್ ಮೊದಲ ಸುತ್ತಿನಲ್ಲಿ ಶೇ. 49.8ಕ್ಕೆ ನಿಂತರು. ಒಬಾಮಾ ಅಲೆಯ ಹೊತ್ತು ಅದು. ಡೆಮಾಕ್ರಟರ ಜಿಮ್ ಮಾರ್ಟಿನ್ ಪವಾಡ ಮಾಡ್ತಾರೆ ಅಂತ ಬಹಳ ಜನ ಕಾದಿದ್ದರು. ಆದರೆ ಒಬಾಮಾ ಹೆಸರು ಮತಪತ್ರದಲ್ಲಿ ಇರದ ಆ ಡಿಸೆಂಬರ್‌ನಲ್ಲಿ ಮಾರ್ಟಿನ್ ಅವರ ಓಟು ಸುಮಾರು 17.5 ಲಕ್ಷದಿಂದ 9 ಲಕ್ಷಕ್ಕೆ ಇಳೀತು. ಅರ್ಧದಷ್ಟು ಮಾಯ! ಚಾಂಬ್ಲಿಸ್ ಓಟೂ ಇಳಿದಿತ್ತು, ಆದರೆ ಅಷ್ಟು ಇಳಿದಿರಲಿಲ್ಲ. ಫಲಿತಾಂಶ: ಶೇ. 57.4ಕ್ಕೆ ಎದುರಾಗಿ ಶೇ. 42.6.

ರನ್‌ಆಫ್‌ನ ಗುಟ್ಟೇ ಇದು ನೋಡಿ. ಇಬ್ಬರದ್ದೂ ಓಟು ಕಮ್ಮಿ ಆಗುತ್ತೆ. ಯಾರು ಕಮ್ಮಿ ಕಳ್ಕೊಳ್ತಾರೋ ಅವರು ಗೆಲ್ತಾರೆ. ಹೊಸಬರನ್ನ ಒಲಿಸೋದಕ್ಕಿಂತ, ಒಮ್ಮೆ ಬಂದವರನ್ನ ಮತ್ತೆ ಕರ್ಕೊಂಡು ಬರೋದೇ ದೊಡ್ಡ ಕೆಲಸ.

ಈ ಗುಟ್ಟನ್ನ ನಿಧಾನವಾಗಿ, ಕಷ್ಟಪಟ್ಟು ಅರ್ಥ ಮಾಡ್ಕೊಂಡವರು ಆ ಸಲ ಸೋತವರೇ. ಮುಂದಿನ ಹತ್ತು ವರ್ಷ ಜಾರ್ಜಿಯಾದ ಡೆಮಾಕ್ರಟರು, ಅವರ ಜೊತೆಗಿದ್ದ ಸಂಘಟನೆಗಳು ಮನೆ ಮನೆ ತಿರುಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದರು. ಇದರಲ್ಲಿ ಮುಂಚೂಣಿಯಲ್ಲಿದ್ದವರು ಸ್ಟೇಸಿ ಏಬ್ರಮ್ಸ್. 2018ರಲ್ಲಿ ಅವರೇ ಗವರ್ನರ್ ಚುನಾವಣೆಗೆ ನಿಂತು ಸುಮಾರು 55 ಸಾವಿರ ಓಟಿನಿಂದ ಸೋತರು. ಆ ಚುನಾವಣೆ ನ್ಯಾಯವಾಗಿ ನಡೆದಿಲ್ಲ ಅಂತ ಅವರು ದೂರಿದ್ದೂ ಹೌದು. ಆದರೆ ತಮ್ಮ ಬೆಂಬಲಿಗರಿಗೆ ಅವರು ಹೇಳಿದ್ದು ‘ಇನ್ನೂ ಜಾಸ್ತಿ ಜನ ಬನ್ನಿ’ ಅಂತ. ‘ಬಂದು ಏನು ಪ್ರಯೋಜನ’ ಅಂತ ಅಲ್ಲ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ.

ಈಗ ಮತ್ತೆ 2020ಕ್ಕೆ. ಆ ಸಲ ಜಾರ್ಜಿಯಾದ ಎರಡೂ ಸೆನೆಟ್ ಸ್ಥಾನ ರನ್‌ಆಫ್‌ಗೆ ಹೋದವು. ಒಂದರಲ್ಲಿ ಪರ್ಡ್ಯೂ ಮತ್ತು ಆಸಾಫ್. ಇನ್ನೊಂದರಲ್ಲಿ ರಿಪಬ್ಲಿಕನ್ ಕೆಲಿ ಲೆಫ್ಲರ್ ಎದುರು ರಾಫೇಲ್ ವಾರ್ನಾಕ್. ಮಾರ್ಟಿನ್ ಲೂಥರ್ ಕಿಂಗ್ ಪ್ರವಚನ ಕೊಡ್ತಿದ್ದ ಎಬೆನೆಜರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ ಈ ವಾರ್ನಾಕ್. ಎರಡೂ ಸ್ಥಾನ ಗೆದ್ರೆ ಮಾತ್ರ ಡೆಮಾಕ್ರಟರಿಗೆ ಸೆನೆಟ್ 50–50 ಆಗಿ ಹಿಡಿತ ಸಿಗ್ತಿತ್ತು. ಒಂದನ್ನ ಉಳಿಸಿಕೊಂಡ್ರೂ ಸಾಕು, ಸೆನೆಟ್ ರಿಪಬ್ಲಿಕನ್ನರದ್ದೇ. ಹಳೇ ಇತಿಹಾಸವೆಲ್ಲ ಅವರ ಪರ ಇತ್ತು.

ಆದರೆ ಅದೇ ಹೊತ್ತಿಗೆ ಡೊನಾಲ್ಡ್ ಟ್ರಂಪ್ ತಾವು ಜಾರ್ಜಿಯಾದಲ್ಲಿ ಸೋತಿಲ್ಲ, ಮೋಸ ಆಗಿದೆ ಅಂತ ದಿನಾ ಹೇಳ್ತಿದ್ರು. ಬೈಡನ್ ಅಲ್ಲಿ ಗೆದ್ದ ಅಂತರ 11,779 ಓಟು. ಮತಪತ್ರಗಳನ್ನ ಕೈಯಲ್ಲಿ ಎಣಿಸಿ ನೋಡಿದ ಮೇಲೂ ಫಲಿತಾಂಶ ಬದಲಾಗಲಿಲ್ಲ. ಎಣಿಕೆಯ ಉಸ್ತುವಾರಿ ನೋಡಿದ ರಾಜ್ಯ ಕಾರ್ಯದರ್ಶಿ ಬ್ರಾಡ್ ರಾಫೆನ್ಸ್‌ಪರ್ಗರ್ ಸ್ವತಃ ರಿಪಬ್ಲಿಕನ್. ಆದ್ರೂ ಮಾತು ನಿಲ್ಲಲಿಲ್ಲ. ಡಿಸೆಂಬರ್ 2ರಂದು ಆಲ್ಫರೆಟ್ಟಾ ಊರಿನ ಸಭೆಯಲ್ಲಿ ಟ್ರಂಪ್ ಪರ ನಿಂತಿದ್ದ ವಕೀಲ ಲಿನ್ ವುಡ್, ಚುನಾವಣೆ ಸರಿಹೋಗೋ ತನಕ ರನ್‌ಆಫ್‌ನಲ್ಲಿ ಓಟೇ ಹಾಕಬೇಡಿ ಅನ್ನೋ ಮಟ್ಟಕ್ಕೆ ಹೋದರು. ಟ್ರಂಪ್ ಎರಡು ಸಲ ಜಾರ್ಜಿಯಾಗೆ ಬಂದು ಓಟು ಹಾಕಿ ಅಂದರು. ಅದೇ ಭಾಷಣದಲ್ಲಿ ಹಿಂದಿನ ಚುನಾವಣೆ ಮೋಸ ಅಂತಲೂ ಅಂದರು.

ಒಬ್ಬ ಸಾಮಾನ್ಯ ಬೆಂಬಲಿಗನ ಜಾಗದಲ್ಲಿ ನಿಂತು ಯೋಚಿಸಿ. ನಿಮ್ಮ ನಾಯಕರೇ ‘ನಿನ್ನ ಹೋದ ಓಟು ಕಳುವಾಯ್ತು’ ಅಂತಾರೆ. ಆಮೇಲೆ ‘ಬಾ, ಇನ್ನೊಂದು ಹಾಕು’ ಅಂತಾರೆ. ಚಳಿಗಾಲದ ಬೆಳಿಗ್ಗೆ ಕೆಲಸ ಬಿಟ್ಟು ಸಾಲಲ್ಲಿ ನಿಲ್ಲೋಕೆ ಮನಸ್ಸು ಬರುತ್ತಾ?

2021ರ ಜನವರಿ 5ರಂದು ಪರ್ಡ್ಯೂ ತಮ್ಮ ಮೊದಲ ಸುತ್ತಿನ ಓಟಿನಲ್ಲಿ ಸುಮಾರು 2.5 ಲಕ್ಷ ಕಳ್ಕೊಂಡರು. ಆಸಾಫ್ ಕಳ್ಕೊಂಡಿದ್ದು ಸುಮಾರು 1 ಲಕ್ಷ. ಅಷ್ಟೇ, ಕತೆ ಮುಗೀತು. ಅಟ್ಲಾಂಟಾದ ಪತ್ರಿಕೆಯೊಂದು ಆಮೇಲೆ ದಾಖಲೆ ತೆಗೆದು ನೋಡಿದಾಗ, ನವೆಂಬರ್‌ನಲ್ಲಿ ಬಂದು ಜನವರಿಯಲ್ಲಿ ಬಾರದವರು 7 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಳಿಯರು, ಬಹಳಷ್ಟು ಜನ ಹಳ್ಳಿಗಾಡಿನವರು. ವಾರ್ನಾಕ್ ಕೂಡ ಗೆದ್ದರು, ಜಾರ್ಜಿಯಾದ ಮೊದಲ ಕಪ್ಪು ಜನಾಂಗದ ಸೆನೆಟರ್ ಆದರು. ಕಪ್ಪು ಮತದಾರರ ಬಲ ತಗ್ಗಿಸೋ ಯೋಚನೆಯಿಂದ ಗ್ರೂವರ್ ತಂದ ನಿಯಮದ ಅಡಿಯಲ್ಲೇ ಅವರು ಗೆದ್ದಿದ್ದು.

ಇನ್ನೊಂದು ಸಂಗತಿ. ಡೆಮಾಕ್ರಟರು 1994ರಲ್ಲಿ ತಂದ ಶೇ. 45ರ ನಿಯಮ ಉಳಿದಿದ್ದರೆ, ಪರ್ಡ್ಯೂ ನವೆಂಬರ್ 3ಕ್ಕೇ ಗೆದ್ದಿರ್ತಿದ್ದರು. ಅದನ್ನ ತೆಗೆದುಹಾಕಿದ್ದು ಅವರದ್ದೇ ಪಕ್ಷ.

ಅದೇ ದಿನ, ಅದೇ ಮತಪತ್ರದಲ್ಲಿ ರಾಜ್ಯದ ಸಾರ್ವಜನಿಕ ಸೇವಾ ಆಯೋಗದ ಒಂದು ಸ್ಥಾನಕ್ಕೂ ರನ್‌ಆಫ್ ಇತ್ತು. ಅದನ್ನ ರಿಪಬ್ಲಿಕನ್ ಅಭ್ಯರ್ಥಿಯೇ ಸಣ್ಣ ಅಂತರದಲ್ಲಿ ಗೆದ್ದರು. ಅಂದ್ರೆ ಪಕ್ಷಕ್ಕೆ ಬಾಗಿಲು ಮುಚ್ಚಿರಲಿಲ್ಲ.

ಹಾಗಾದ್ರೆ ರಿಪಬ್ಲಿಕನ್ನರು ಈ ಸೋಲಿನಿಂದ ಕಲಿತಿದ್ದೇನು? ಮತ್ತೆ ಅದೇ ಚಾಳಿ. 2021ರ ಮಾರ್ಚ್‌ನಲ್ಲಿ ಹೊಸ ಕಾನೂನು ಬಂತು. ಅದರಲ್ಲಿ ಬೇರೆ ಹಲವು ಬದಲಾವಣೆಗಳ ಜೊತೆ ರನ್‌ಆಫ್‌ನ ಅವಧಿಯನ್ನ ಒಂಬತ್ತು ವಾರದಿಂದ ನಾಲ್ಕು ವಾರಕ್ಕೆ ಇಳಿಸಿದರು. ಮುಂಗಡ ಮತದಾನದ ದಿನಗಳೂ ಕಮ್ಮಿಯಾದವು. 2022ರಲ್ಲಿ ವಾರ್ನಾಕ್ ಎದುರು ನಿಂತಿದ್ದು ಫುಟ್‌ಬಾಲ್ ತಾರೆ ಹರ್ಷಲ್ ವಾಕರ್. ಯಾರಿಗೂ ಶೇ. 50 ಬರಲಿಲ್ಲ. ಡಿಸೆಂಬರ್ 6ರ ರನ್‌ಆಫ್‌ನಲ್ಲಿ ವಾರ್ನಾಕ್ ಸುಮಾರು 1 ಲಕ್ಷ ಓಟಿನಿಂದ ಗೆದ್ದರು. ಸಮಯ ಕಮ್ಮಿ ಮಾಡಿದ್ರೂ ಸೋಲು ತಪ್ಪಲಿಲ್ಲ.

ಕಾರಣ ನವೆಂಬರ್‌ನ ಅಂಕಿಗಳಲ್ಲೇ ಇತ್ತು. ಅದೇ ಮತಪತ್ರದಲ್ಲಿ ರಿಪಬ್ಲಿಕನ್ ಗವರ್ನರ್ ಬ್ರಯಾನ್ ಕೆಂಪ್ ಆರಾಮಾಗಿ ಗೆದ್ದಿದ್ದರು. ವಾಕರ್‌ಗೆ ಕೆಂಪ್‌ಗಿಂತ ಸುಮಾರು 2 ಲಕ್ಷ ಓಟು ಕಮ್ಮಿ ಬಿದ್ದಿತ್ತು. ಪಕ್ಷವನ್ನ ಒಪ್ಪಿಕೊಂಡ ಜನ ಈ ಅಭ್ಯರ್ಥಿಯನ್ನ ಒಪ್ಪಿರಲಿಲ್ಲ. ಈ ತೊಂದರೆಗೆ ಯಾವ ಕ್ಯಾಲೆಂಡರ್ ಬದಲಾಯಿಸಿದ್ರೂ ಪರಿಹಾರ ಇಲ್ಲ. ಆ ಚುನಾವಣೆ ಮುಗಿದ ಕೂಡಲೇ ರಾಫೆನ್ಸ್‌ಪರ್ಗರ್ ಕೊಟ್ಟ ಸಲಹೆ ಗೊತ್ತಾ? ಸಾರ್ವತ್ರಿಕ ಚುನಾವಣೆಯಲ್ಲಿ ರನ್‌ಆಫ್ ಪದ್ಧತಿಯನ್ನೇ ತೆಗೆದುಬಿಡೋಣ ಅಂತ.

ತೆಗೆಯೋದು ಒಳ್ಳೇದೂ ಇರಬಹುದು. ರಜೆ ಹೊತ್ತಲ್ಲಿ ಇನ್ನೊಂದು ಚುನಾವಣೆ ಅಂದ್ರೆ ಖರ್ಚೂ ಹೌದು, ಸುಸ್ತೂ ಹೌದು. ಆದರೆ ಸೋತ ಪಕ್ಷಕ್ಕೆ ಅದು ಪಾಠ ಅಲ್ಲ. 1958ರಿಂದ ಇಲ್ಲಿಯವರೆಗೂ ಜಾರ್ಜಿಯಾದಲ್ಲಿ ನಿಯಮ ಬರೆದವರು ಹಿಂದಿನ ಸೋಲನ್ನ ಮನಸ್ಸಲ್ಲಿಟ್ಟುಕೊಂಡು ಬರೆದರು, ಮುಂದಿನ ಚುನಾವಣೆ ಬೇರೆಯೇ ಆಗಿತ್ತು.

ಸೋತ ಮರುದಿನ ಯಾವ ಪಕ್ಷವಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಹೋದ ಸಲ ನಮಗೆ ಓಟು ಹಾಕಿ ಈ ಸಲ ಬರದೇ ಇದ್ದವರು ಯಾರು, ಯಾಕೆ ಬರಲಿಲ್ಲ? ಅದಕ್ಕೆ ಉತ್ತರ ಕಚೇರಿಯಲ್ಲಿ ಕೂತ್ರೆ ಸಿಗಲ್ಲ. ಅವರ ಮನೆ ಬಾಗಿಲಿಗೆ ಹೋಗಿ ಕೇಳಬೇಕು. 2008ರಲ್ಲಿ ಅರ್ಧ ಓಟು ಕಳ್ಕೊಂಡವರು ಹಾಗೆ ಹೋದರು. ಅವರಿಗೆ ಹನ್ನೆರಡು ವರ್ಷ ಹಿಡೀತು.

ಇವತ್ತಿಗೆ ಇಷ್ಟು. ಈ ಕಂತು ಇಷ್ಟವಾದ್ರೆ ನಿಮ್ಮ ಗೆಳೆಯರಿಗೂ ಕಳಿಸಿ, ಅದರಲ್ಲೂ ‘ನನ್ನ ಒಂದು ಓಟಿಂದ ಏನಾಗುತ್ತೆ’ ಅನ್ನೋ ಗೆಳೆಯರಿಗೆ. ಸಂತೇಮರಹಳ್ಳಿ ಕತೆ ಅವರಿಗೆ ಮೊದಲು ಹೇಳಿ, ಜಾರ್ಜಿಯಾದ್ದು ಆಮೇಲೆ.